ಹೊರನಾಡಿನ ನ್ಯಾಯಾಲಯದಲ್ಲಿ ವಲಸೆಗಾರನ ವಕೀಲ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರಾದವರು ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ಪುಸ್ತಕ ಭಂಡಾರದ ಕೊರತೆ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಅವೆಲ್ಲವೂ ಕಾರ್ಯದರ್ಶಿಗಳ ವರದಿಯಲ್ಲಿ ಸಾಂಗವಾಗಿ ಬಂದಿರುವುದರಿಂದ, ನಾವು ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ಅಧ್ಯಕ್ಷರ ಅನುಮತಿಯನ್ನು ಪಡೆದಿದ್ದೇವೆ. ಸಂಘದ ನಿಧಿಯಿಂದ ಪ್ರತಿವರ್ಷ ಒಂದು ಸಣ್ಣ ಮೊತ್ತವನ್ನು ತೆಗೆದಿರಿಸಿ, ಪರದೇಶದಲ್ಲಿ ವಾಸದ ಹಕ್ಕಿನ ವಿಷಯವಾಗಿ ತೊಡಕಿಗೆ ಸಿಕ್ಕಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ವಕೀಲರ ನೆರವು ದೊರಕಿಸಿಕೊಡಬೇಕೆಂಬ ಸೂಚನೆ ಸಮಿತಿಯ ಮುಂದೆ ಇದೆ. ಅದನ್ನು ಕೆಲವು ಹಿರಿಯರು ವಿರೋಧಿಸಿದ್ದಾರೆ. ಅವರ ಆಕ್ಷೇಪ ಹೀಗಿದೆ: ಗೆಲ್ಲುವ ಭರವಸೆಯಿಲ್ಲದ ಮೊಕದ್ದಮೆಗೆ, ಅದೂ ಸಮುದ್ರದಾಚೆಯ ಕೋರ್ಟಿನಲ್ಲಿ, ಮಕ್ಕಳ ಪಾಟಿ ಪುಸ್ತಕಗಳಿಗಾಗಿ ಕೂಡಿದ ವಂತಿಗೆಯನ್ನು ಸುರಿಯುವುದು ಯಾವ ನ್ಯಾಯ? ಆಕ್ಷೇಪ ಹಗುರವಾದುದಲ್ಲ. ಅದಕ್ಕೆ ಉತ್ತರವಾಗಿ ತರ್ಕವನ್ನು ಹೂಡುವುದಕ್ಕಿಂತ ಇತಿಹಾಸದ ಒಂದು ಪ್ರಕರಣವನ್ನು ವಿವರವಾಗಿ ತಮ್ಮ ಮುಂದಿಡುವುದೇ ಲೇಸೆಂದು ನಮಗೆ ತೋರಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಳವಿನ ಆಪಾದನೆಗೆ ಗುರಿಯಾದ ಬಡವನಿಗೆ ಇಂದು ಅನೇಕ ದೇಶಗಳಲ್ಲಿ ಸರಕಾರವೇ ವಕೀಲನನ್ನು ಕೊಡುತ್ತದೆ. ಆದರೆ ವಲಸೆಯ ವಿಚಾರಣೆಯನ್ನು ಕಾನೂನು ಅಪರಾಧದ ವಿಚಾರಣೆಯೆಂದು ಎಣಿಸುವುದಿಲ್ಲ. ನೀನು ಇಲ್ಲಿ ಇರಬಹುದೋ, ಕೂಡದೋ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಆದಕಾರಣ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ವಲಸೆಗಾರನಿಗೆ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರಕಾರದ ಖರ್ಚಿನಲ್ಲಿ ಅಲ್ಲವೆಂದು ಕಾನೂನೇ ಹೇಳುತ್ತದೆ. ಕೆನಡದ ಕಾನೂನೂ ‘ಸ್ವಂತ ಖರ್ಚಿನಲ್ಲಿ’ ಎಂಬ ಮಾತನ್ನು ಸೇರಿಸಿದೆ. ಹೀಗೆ ಮನೆ, ಉದ್ಯೋಗ, ಕೆಲವೊಮ್ಮೆ ಪ್ರಾಣವೂ ಪಣಕ್ಕೆ ಬಿದ್ದಿರುವ ಸಂದರ್ಭದಲ್ಲಿ, ಆ ನಾಡಿನ ನುಡಿಯನ್ನೂ ಕಾನೂನನ್ನೂ ಅರಿಯದ ಮನುಷ್ಯನು ಸರಕಾರದ ಕಡೆಯ ಕಾನೂನು ಪಂಡಿತನಿಗೆ ಎದುರಾಗಿ ಒಬ್ಬನೇ ನಿಲ್ಲಬೇಕಾಗುತ್ತದೆ.

ಈಗ ಪ್ರಕರಣಕ್ಕೆ ಬರೋಣ. ಕೆನಡ ದೇಶದ ಪಶ್ಚಿಮ ತೀರದಲ್ಲಿ ವಾಂಕೋವರ್ ಎಂಬ ಬಂದರು ಪಟ್ಟಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು, ನಿವೃತ್ತ ಸಿಪಾಯಿಗಳು ಅಲ್ಲಿಗೆ ಹೋಗಿ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ದುಡಿಯತೊಡಗಿದರು. 1907ರಲ್ಲಿ ಆ ಪ್ರಾಂತದ ಶಾಸನಸಭೆ ಅವರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. 1908ರಲ್ಲಿ ಕೆನಡದ ಸರಕಾರ ಒಂದು ವಿಚಿತ್ರವಾದ ನಿಯಮವನ್ನು ಹೊರಡಿಸಿತು. ಹುಟ್ಟಿದ ದೇಶದಿಂದ ಎಲ್ಲಿಯೂ ಹಡಗು ಬದಲಿಸದೆ, ಅಲ್ಲಿಯೇ ಕೊಂಡ ಟಿಕೆಟಿನ ಮೇಲೆ ಒಂದೇ ಪ್ರಯಾಣದಲ್ಲಿ ಬಂದವರು ಮಾತ್ರ ಇಳಿಯಬಹುದು! ಭಾರತದಿಂದ ಕೆನಡಕ್ಕೆ ಅಂತಹ ನೇರ ಟಿಕೆಟು ದೊರೆಯದಂತೆಯೂ ನೋಡಿಕೊಳ್ಳಲಾಯಿತು. ಇದರೊಡನೆ ಏಷ್ಯದಿಂದ ಬರುವವನ ಕೈಯಲ್ಲಿ 200 ಡಾಲರುಗಳಿರಬೇಕೆಂಬ ಕಟ್ಟಳೆ ಬೇರೆ. ಭಾರತೀಯರು ಎಂಬ ಶಬ್ದವನ್ನು ಎಲ್ಲಿಯೂ ಬಳಸದೆ ಭಾರತೀಯರನ್ನು ಹೊರಗಿಡುವ ಜಾಣತನ ಅದು.

1913ರ ಅಕ್ಟೋಬರಿನಲ್ಲಿ ‘ಪನಾಮ ಮಾರು’ ಎಂಬ ಹಡಗಿನಲ್ಲಿ ಕೆಲವು ಭಾರತೀಯರು ಬಂದರು. ಅವರಲ್ಲಿ 39 ಮಂದಿಯನ್ನು ಹಿಂದಕ್ಕೆ ಕಳುಹಿಸಬೇಕೆಂದು ವಲಸೆ ಇಲಾಖೆಯ ವಿಚಾರಣಾ ಮಂಡಲಿ ಆಜ್ಞೆ ಮಾಡಿತು. ಇಂತಹ ಆಜ್ಞೆಯನ್ನು ಯಾವ ನ್ಯಾಯಾಲಯವೂ ಪರಿಶೀಲಿಸಕೂಡದೆಂದು 1910ರ ವಲಸೆ ಕಾನೂನಿನಲ್ಲಿಯೇ ಬರೆದಿತ್ತು. ಬಾಗಿಲು ಮುಚ್ಚಿತ್ತೆಂದೇ ಎಲ್ಲರೂ ತಿಳಿದರು. ವಾಂಕೋವರಿನ ಭಾರತೀಯರು ಮಾತ್ರ ಚಂದಾ ಎತ್ತಿ ಜೆ. ಎಡ್ವರ್ಡ್ ಬರ್ಡ್ ಎಂಬ ನ್ಯಾಯವಾದಿಯನ್ನು ಗೊತ್ತುಮಾಡಿದರು. ಅವರು ಬ್ರಿಟಿಷ್ ಕೊಲಂಬಿಯದ ಮುಖ್ಯ ನ್ಯಾಯಾಧೀಶರಾದ ಗಾರ್ಡನ್ ಹಂಟರರ ಮುಂದೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹಾಕಿದರು. ಅಂದರೆ, ಬಂಧನದಲ್ಲಿರುವವನನ್ನು ಯಾವ ಅಧಿಕಾರದಿಂದ ಬಂಧಿಸಿದ್ದೀರೆಂದು ಸರಕಾರವನ್ನು ಕೇಳುವ ಅರ್ಜಿ.

ಅಲ್ಲಿ ನಡೆದ ವಾದವನ್ನು ನಮ್ಮ ಹತ್ತನೆಯ ತರಗತಿಯ ಹುಡುಗರು ಲಕ್ಷ್ಯವಿಟ್ಟು ಕೇಳಬೇಕು. ವ್ಯಾಕರಣದಿಂದ ಪ್ರಯೋಜನವೇನೆಂದು ಅವರು ಆಗಾಗ ನಮ್ಮನ್ನು ಕೇಳುವುದುಂಟು. ಮೂಲ ಕಾನೂನಿನಲ್ಲಿ ಏಷ್ಯದ ‘ಜನಾಂಗ’ದವರು ಎಂದಿದ್ದಲ್ಲಿ ಸರಕಾರದ ನಿಯಮದಲ್ಲಿ ಏಷ್ಯ ‘ಮೂಲ’ದವರು ಎಂದಿತ್ತು. ಎರಡೂ ಒಂದೇ ಅಲ್ಲವೇ ಎನ್ನಬೇಡಿರಿ. ಏಷ್ಯದಲ್ಲಿ ಹುಟ್ಟಿದ ಆಂಗ್ಲನನ್ನೂ ಎರಡನೆಯ ಮಾತು ಒಳಗೊಂಡೀತು. ಹುಟ್ಟಿದ ಅಥವಾ ಪೌರತ್ವ ಪಡೆದ ದೇಶದಿಂದ ಎಂದು ಕಾನೂನು ಹೇಳಿದ್ದಲ್ಲಿ, ನಿಯಮವನ್ನು ಬರೆದವನು ‘ಪೌರತ್ವ ಪಡೆದ’ ಎಂಬುದನ್ನು ಬಿಟ್ಟು ಬರಿಯ ‘ಪೌರ’ ಎಂದು ಬರೆದಿದ್ದನು. ನಿಯಮವು ಕಾನೂನನ್ನು ಮೀರಿದೆ. ಮೀರಿದ ನಿಯಮದ ಮೇಲೆ ಮಾಡಿದ ಆಜ್ಞೆ ಅಸಿಂಧು. ನ್ಯಾಯಾಲಯ ನೋಡಕೂಡದೆಂಬ ನಿರ್ಬಂಧ ಕಾನೂನಿಗನುಸಾರವಾದ ಆಜ್ಞೆಗಳಿಗೆ ಮಾತ್ರ. 1913ರ ನವೆಂಬರಿನಲ್ಲಿ ಹಂಟರರು ಹೀಗೆ ತೀರ್ಪಿತ್ತು ಬಿಡುಗಡೆಗೆ ಅಪ್ಪಣೆ ಮಾಡಿದರು. ಈ ಎರಡು ಶಬ್ದಗಳ ವ್ಯತ್ಯಾಸವನ್ನು ಮರದ ಕಾರ್ಖಾನೆಯ ಕೂಲಿಗಾರನೊಬ್ಬನು ತಾನಾಗಿ ಕಂಡುಹಿಡಿಯುವುದು ಸಾಧ್ಯವಿತ್ತೇ? ಅವನು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿದ್ದನು, ಅಳುತ್ತಿದ್ದನು, ತಾನು ಚಕ್ರವರ್ತಿಯ ಪ್ರಜೆಯೆನ್ನುತ್ತಿದ್ದನು. ಅವೆಲ್ಲವೂ ನಿಜವೇ ಆಗಿದ್ದರೂ ಅವುಗಳಿಂದ ಅವನಿಗೆ ಬಿಡುಗಡೆ ದೊರೆಯುತ್ತಿರಲಿಲ್ಲ.

ಆದರೆ ಗೆಲುವಿನ ಫಲವೇನಾಯಿತು? ಸರಕಾರ ತನ್ನ ನಿಯಮಗಳನ್ನು ತಿದ್ದಿ, ಹಂಟರರು ತೋರಿಸಿದ ಬಿರುಕುಗಳನ್ನೆಲ್ಲ ಮುಚ್ಚಿ, 1914ರ ಜನವರಿಯಲ್ಲಿ ಪುನಃ ಹೊರಡಿಸಿತು. ಅದಕ್ಕೆ ಮುನ್ನವೇ, ಡಿಸೆಂಬರಿನಲ್ಲಿ, ಕೂಲಿಗಾರರು ಮತ್ತು ಕುಶಲಕರ್ಮಿಗಳು ಬ್ರಿಟಿಷ್ ಕೊಲಂಬಿಯದ ಬಂದರುಗಳಲ್ಲಿ ಇಳಿಯಕೂಡದೆಂಬ ಹೊಸ ನಿಷೇಧವೂ ಬಂದಿತ್ತು. ಇತ್ತ ಗೆಲುವಿನ ಸುದ್ದಿ ಪೂರ್ವದ ಬಂದರುಗಳಿಗೆ ಮುಟ್ಟಿ, ಹೋಗಬೇಕೆಂಬವರ ಆಸೆ ಬೆಳೆಯಿತು. ಗುರುದಿತ್ ಸಿಂಗರೆಂಬ ವ್ಯಾಪಾರಿ ‘ಕೊಮಗಾಟ ಮಾರು’ ಎಂಬ ಜಪಾನೀ ಹಡಗನ್ನು ಬಾಡಿಗೆಗೆ ಹಿಡಿದು 376 ಮಂದಿ ಪ್ರಯಾಣಿಕರೊಡನೆ 1914ರ ಮೇ 23ರಂದು ವಾಂಕೋವರನ್ನು ತಲುಪಿದರು.

ಆ ಹಡಗಿನ ಕಥೆ ತಮ್ಮಲ್ಲಿ ಅನೇಕರಿಗೆ ತಿಳಿದೇ ಇರುತ್ತದೆ. ಅನ್ನನೀರುಗಳ ಕೊರತೆ, ಕಲ್ಲಿದ್ದಲನ್ನು ಎಸೆದು ಪೊಲೀಸರನ್ನು ಹಿಮ್ಮೆಟ್ಟಿಸಿದುದು, ಯುದ್ಧನೌಕೆ ಬಂದು ನಿಂತುದು, ಇವು ಎಲ್ಲ ಪುಸ್ತಕಗಳಲ್ಲಿಯೂ ಇವೆ. ನಾವು ವಕೀಲನ ಅಂಶವನ್ನಷ್ಟೇ ನೋಡೋಣ. ವಲಸೆ ಅಧಿಕಾರಿಗಳು ಹಿಂದಿನ ವರ್ಷದ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಆಜ್ಞೆ ಮಾಡಿದರೆ ತಾನೇ ಆ ಆಜ್ಞೆಯ ಮೇಲೆ ಕೋರ್ಟಿಗೆ ಹೋಗುವುದು? ಆದ್ದರಿಂದ ಆಜ್ಞೆಯನ್ನೇ ಮಾಡದಿದ್ದರಾಯಿತು. ವೈದ್ಯಕೀಯ ತಪಾಸಣೆಯನ್ನು ದಿನಗಟ್ಟಲೆ ಎಳೆದರು, ವಿಚಾರಣೆಯನ್ನು ತಡೆದರು. ಪ್ರಯಾಣಿಕರು ದಡಕ್ಕೆ ಕಾಣುವಷ್ಟು ದೂರದಲ್ಲಿ ನೀರಿನ ಮೇಲೆಯೇ ಉಳಿದರು. ಪುನಃ ನೇಮಕಗೊಂಡ ಬರ್ಡರು ತಮ್ಮ ಕಕ್ಷಿಗಾರರನ್ನು ಹಡಗಿನಲ್ಲಿ ಸ್ವತಂತ್ರವಾಗಿ ಕಂಡು ಮಾತನಾಡಲು ಅಧಿಕಾರಿಗಳು ಎಡೆಗೊಡಲಿಲ್ಲ. ಕಕ್ಷಿಗಾರನನ್ನು ಕಾಣಲಾರದ ವಕೀಲನು ರೋಗಿಯನ್ನು ಕಾಣದೆ ಮದ್ದು ಕೊಡಬೇಕಾದ ವೈದ್ಯನಂತೆ.

ದುಭಾಷಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಡಬ್ಲ್ಯು. ಸಿ. ಹಾಪ್ಕಿನ್‌ಸನ್ ಎಂಬಾತನು ಹಿಂದೆ ಕಲ್ಕತ್ತೆಯ ಪೊಲೀಸಿನಲ್ಲಿದ್ದವನು. ವಾಂಕೋವರಿನಲ್ಲಿ ಅವನು ವಲಸೆ ಇಲಾಖೆಯ ಇನ್‌ಸ್ಪೆಕ್ಟರು. ಅದೇ ಕಾಲಕ್ಕೆ ಭಾರತೀಯರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ದುಭಾಷಿ. ಅದೇ ಕಾಲಕ್ಕೆ ಅವರ ರಾಜಕೀಯ ಚಟುವಟಿಕೆಗಳ ಸಮಾಚಾರವನ್ನು ಸರಕಾರಗಳಿಗೆ ಮುಟ್ಟಿಸುವ ಗೂಢಚಾರ. ತನ್ನ ಬಾಯಿಯ ಮಾತನ್ನು ಎದುರು ಪಕ್ಷದವನ ಬಾಯಿಂದ ನ್ಯಾಯಪೀಠಕ್ಕೆ ಮುಟ್ಟಿಸಬೇಕಾದ ಮನುಷ್ಯನ ಪಾಡನ್ನು ಊಹಿಸಿಕೊಳ್ಳಿರಿ. (ಆ ವರ್ಷದ ಅಕ್ಟೋಬರಿನಲ್ಲಿ ಹಾಪ್ಕಿನ್‌ಸನ್ ವಾಂಕೋವರಿನ ನ್ಯಾಯಾಲಯದ ಕಟ್ಟಡದಲ್ಲಿಯೇ ಮೇವಾ ಸಿಂಗರ ಗುಂಡಿಗೆ ಬಲಿಯಾದನು, ಮೇವಾ ಸಿಂಗರನ್ನು 1915ರ ಜನವರಿಯಲ್ಲಿ ಗಲ್ಲಿಗೇರಿಸಲಾಯಿತು.)

ದಡದಲ್ಲಿದ್ದ ಭಾರತೀಯರು ತಮ್ಮದೇ ಸಮಿತಿಯೊಂದನ್ನು ರಚಿಸಿಕೊಂಡರು. ದಿನಗೂಲಿಯವರ ಚಂದಾ ಹಣದಿಂದ ಹಡಗಿನ ಬಾಡಿಗೆಯ ಬಾಕಿಯನ್ನು ತೀರಿಸಿದರು. ವಕೀಲರ ಫೀಸನ್ನೂ ಕೊಟ್ಟರು. ಕೊನೆಗೆ ಎಲ್ಲರ ಪರವಾಗಿ ಮುನ್ಷಿ ಸಿಂಗ್ ಎಂಬ 26 ವರ್ಷದ ರೈತನ ಒಂದೇ ಮೊಕದ್ದಮೆಯನ್ನು ನೇರವಾಗಿ ಅಪೀಲು ನ್ಯಾಯಾಲಯಕ್ಕೆ ಒಯ್ಯುವುದೆಂದು ಒಪ್ಪಂದವಾಯಿತು. ಹಂಟರರ ಮುಂದೆ ಹೋಗದಂತೆ ಸರಕಾರ ಮಾಡಿಕೊಂಡ ಉಪಾಯವದು. ಐವರು ನ್ಯಾಯಾಧೀಶರು ಕುಳಿತು 1914ರ ಜುಲೈ 6ರಂದು ಒಮ್ಮತದಿಂದ ಅಪೀಲನ್ನು ವಜಾ ಮಾಡಿದರು. ವಲಸೆಯ ವಿಷಯದಲ್ಲಿ ಕಾನೂನು ಮಾಡಲು ಕೆನಡದ ಪಾರ್ಲಿಮೆಂಟಿಗೆ ಅಧಿಕಾರವಿದೆ. ನಿಯಮಗಳು ಈಗ ಕಾನೂನಿಗೆ ಸರಿಯಾಗಿವೆ. ಬ್ರಿಟಿಷ್ ಪ್ರಜೆಯೆಂಬ ವಾದ ನಿಲ್ಲದು. ಜುಲೈ 23ರಂದು ಹಡಗು ಹಿಂತಿರುಗಿತು. ಹಿಂದೆಯೇ ಅಲ್ಲಿ ನೆಲಸಿದ್ದ ಸುಮಾರು 20 ಮಂದಿಯನ್ನೂ ಹಡಗಿನ ವೈದ್ಯನ ಸಂಸಾರವನ್ನೂ ಬಿಟ್ಟರೆ ಯಾರೂ ಇಳಿಯಲಿಲ್ಲ. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ಪೊಲೀಸರೂ ಸೈನಿಕರೂ ಹಾರಿಸಿದ ಗುಂಡಿಗೆ ಪ್ರಯಾಣಿಕರು ಅನೇಕರು ಸತ್ತರು.

ನಮ್ಮ ಹಿರಿಯರ ಆಕ್ಷೇಪ ಇಲ್ಲಿಯೇ ಬಲವಾಗಿ ನಿಲ್ಲುತ್ತದೆ. ಗೆದ್ದ ಮೊಕದ್ದಮೆಯಿಂದ ನಿಯಮ ಬಿಗಿಯಾಯಿತು. ಸೋತ ಮೊಕದ್ದಮೆಯಿಂದ ಹಡಗು ಮರಳಿತು. ವಂತಿಗೆ ಕೊಟ್ಟ ಕೂಲಿಗಾರನಿಗೆ ಸಿಕ್ಕಿದ್ದೇನು? ಈ ಪ್ರಶ್ನೆಯನ್ನು ನಾವು ಅನೇಕ ದಿನ ಮನಸ್ಸಿನಲ್ಲಿ ತಿರುವಿಹಾಕಿದ್ದೇವೆ. ಫಲ ಮುಂದೆಂದೋ ಬಂದಿತು, ತಾಳಿದವರು ಬಾಳಿದರು ಎಂದು ಸುಲಭವಾಗಿ ಹೇಳಿಬಿಡಬಹುದು. ಬಜ್ ಬಜ್‌ನಲ್ಲಿ ಸತ್ತವನ ಮನೆಯವರಿಗೆ ಆ ಮಾತು ಸಮಾಧಾನವಾಗಲಾರದು. ನೇರ ಪ್ರಯಾಣದ ನಿಯಮ 1947ರ ವರೆಗೆ ಊರ್ಜಿತವಾಗಿಯೇ ಇತ್ತು; ಭಾರತೀಯರಿಗೆ ಮತದಾನದ ಹಕ್ಕು ಮರಳಿ ಬಂದುದೂ ಅದೇ ವರ್ಷ. ಕೆನಡದ ಪ್ರಧಾನಿ ತಮ್ಮ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು. ಅಷ್ಟರಲ್ಲಿ ನೂರೆರಡು ವರ್ಷಗಳು ಕಳೆದಿದ್ದವು. ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಎರಡು ಸಂಗತಿಗಳು ಉಳಿಯುತ್ತವೆ. 1913ರಲ್ಲಿ ಬಿಡುಗಡೆಯಾದವರ ಬಿಡುಗಡೆ ಸುಳ್ಳಾಗಲಿಲ್ಲ. ಆ ಮೂವತ್ತು ಚಿಲ್ಲರೆ ಸಂಸಾರಗಳ ಮಟ್ಟಿಗೆ ವಕೀಲನ ಫೀಸು ಸಾರ್ಥಕವೇ ಸರಿ. ಎರಡನೆಯದಾಗಿ, 1914ರಲ್ಲಿ ವಕೀಲನಿಲ್ಲದಿದ್ದರೆ ಆ ಜನರನ್ನು ಯಾವ ಕಾರಣದಿಂದ ತಿರುಗಿಸಿದರೆಂಬುದನ್ನು ಸರಕಾರ ಯಾರಿಗೂ ಹೇಳಬೇಕಾಗುತ್ತಿರಲಿಲ್ಲ. ಅಪೀಲಿನಿಂದಾಗಿ ಐವರು ನ್ಯಾಯಾಧೀಶರು ತಮ್ಮ ಕಾರಣಗಳನ್ನು ಬರೆದಿಡಬೇಕಾಯಿತು. ಅವು ಕಾನೂನಿನ ವರದಿಗಳಲ್ಲಿ ಅಚ್ಚಾಗಿ ಇಂದಿಗೂ ಓದಲು ಸಿಗುತ್ತವೆ. ಒಬ್ಬ ನ್ಯಾಯಾಧೀಶರು ಏಷ್ಯದ ಜನರ ನಡೆವಳಿಕೆಯನ್ನು ಕುರಿತು ಆಡಿದ ಅನುಚಿತ ಮಾತುಗಳೂ ಸೇರಿ.

ಎಪ್ಪತ್ತೊಂದು ವರ್ಷಗಳ ಬಳಿಕ ಅದೇ ಕೆನಡದಲ್ಲಿ ಇನ್ನೊಂದು ಮೊಕದ್ದಮೆ ನಡೆಯಿತು. ಹರಭಜನ್ ಸಿಂಗ್ ಮತ್ತು ಇತರರು ತಾವು ನಿರಾಶ್ರಿತರೆಂದು ಆಶ್ರಯ ಬೇಡಿದ್ದರು. ಆಗಿನ ಕ್ರಮ ಹೇಗಿತ್ತೆಂದರೆ, ಅರ್ಜಿದಾರನು ಒಬ್ಬ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಬರೆದುಕೊಂಡ ಹೇಳಿಕೆ ಸಲಹಾ ಸಮಿತಿಗೆ ಹೋಗಬೇಕು. ಸಮಿತಿಯ ಸಲಹೆಯ ಮೇಲೆ ಮಂತ್ರಿ ತೀರ್ಮಾನಿಸಬೇಕು. ತೀರ್ಮಾನಿಸುವವರು ಅರ್ಜಿದಾರನ ಮುಖವನ್ನೇ ಕಾಣುವುದಿಲ್ಲ. ಅವನ ವಿರುದ್ಧವಾಗಿ ಸಮಿತಿಯ ಕಡತದಲ್ಲಿ ಏನಿದೆಯೆಂಬುದು ಅವನಿಗಾಗಲಿ ಅವನ ವಕೀಲನಿಗಾಗಲಿ ತಿಳಿಯುವುದಿಲ್ಲ. ಅಪೀಲು ಮಂಡಲಿಯೂ ಕಾಗದಗಳನ್ನು ಓದಿ, ಗೆಲ್ಲುವ ಸಂಭವ ಕಂಡರೆ ಮಾತ್ರ ವಿಚಾರಣೆಗೆ ಕರೆಯುತ್ತಿತ್ತು. 1985ರ ಏಪ್ರಿಲ್ 4ರಂದು ಸರ್ವೋಚ್ಚ ನ್ಯಾಯಾಲಯದ ಆರು ಮಂದಿ ನ್ಯಾಯಾಧೀಶರು ಈ ಕ್ರಮ ಸಲ್ಲದೆಂದು ತೀರ್ಪಿತ್ತರು. ಮೂವರು ಹೊಸ ಹಕ್ಕುಗಳ ಸನ್ನದಿನ ಆಧಾರದ ಮೇಲೆ, ಮೂವರು 1960ರ ಹಕ್ಕುಗಳ ಕಾನೂನಿನ ಆಧಾರದ ಮೇಲೆ. ಫಲ ಮಾತ್ರ ಒಂದೇ. ನ್ಯಾಯಮೂರ್ತಿ ಬರ್ತಾ ವಿಲ್ಸನ್ನರ ಅಭಿಪ್ರಾಯದಂತೆ ಸನ್ನದಿನಲ್ಲಿರುವ ‘ಪ್ರತಿಯೊಬ್ಬರೂ’ ಎಂಬ ಶಬ್ದ ಆ ನೆಲದ ಮೇಲಿರುವ ಪ್ರತಿ ಮನುಷ್ಯನನ್ನೂ ಒಳಗೊಳ್ಳುತ್ತದೆ. ಮನುಷ್ಯನ ಮಾತು ನಂಬತಕ್ಕದ್ದೋ ಅಲ್ಲವೋ ಎಂಬುದೇ ಪ್ರಶ್ನೆಯಾದಾಗ ಅವನನ್ನು ಎದುರಿಗೆ ಕರೆದು ಕೇಳಲೇಬೇಕು. ಮತ್ತೆ ಒಂದು ಶಬ್ದದ ಅರ್ಥದ ಮೇಲೆಯೇ ಮೊಕದ್ದಮೆ ತಿರುಗಿತೆಂಬುದನ್ನು ಹುಡುಗರು ಗಮನಿಸಿರಬಹುದು. ಇದರ ಪರಿಣಾಮವಾಗಿ 1989ರ ಜನವರಿಯಲ್ಲಿ ಅಲ್ಲಿ ಪ್ರತ್ಯೇಕವಾದ ವಿಚಾರಣಾ ಮಂಡಲಿ ಸ್ಥಾಪನೆಯಾಯಿತು. ಅದರೊಳಗೆ ನಿರಾಶ್ರಿತರ ಅಪೀಲು ವಿಭಾಗ ಕೆಲಸಕ್ಕೆ ತೊಡಗಿದ್ದು ಮಾತ್ರ 2012ರ ಡಿಸೆಂಬರಿನಲ್ಲಿ.

ನಮ್ಮ ದೇಶವೂ ಈ ವಿಷಯದಲ್ಲಿ ಬರಿಗೈಯದಲ್ಲ. ಅರುಣಾಚಲ ಪ್ರದೇಶದಲ್ಲಿ ಚಕ್ಮಾ ಜನರನ್ನು ಹೊರಗಟ್ಟುವ ಬೆದರಿಕೆ ಬಂದಾಗ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅರ್ಜಿಯ ಮೇಲೆ 1996ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಸಂವಿಧಾನದ 21ನೆಯ ಅನುಚ್ಛೇದದ ರಕ್ಷಣೆ ಪೌರನಲ್ಲದವನಿಗೂ ಉಂಟೆಂದು ಹೇಳಿತು.

ನಾವು ಕಾಸರಗೋಡಿನ ಕನ್ನಡಿಗರು ವಲಸೆ ಬಂದವರಲ್ಲ. ನಮ್ಮ ಅಜ್ಜಂದಿರು ಕುಳಿತಲ್ಲಿಯೇ ಕುಳಿತಿರಲಾಗಿ 1956ರ ನವೆಂಬರ್ 1ರಂದು ರಾಜ್ಯದ ಗಡಿ ಸರಿದುಹೋಯಿತು. ಆದರೂ ಅರ್ಥವಾಗದ ಲಿಪಿಯ ನೋಟೀಸನ್ನು ಕೈಯಲ್ಲಿ ಹಿಡಿದು ನಿಲ್ಲುವುದೆಂದರೇನೆಂಬುದು ನಮಗೆ ತಿಳಿದಿದೆ. ಶಾಲೆಯ ಆಫೀಸಿಗೆ ಜನ ಕೇವಲ ಮಕ್ಕಳ ಟಿ.ಸಿ.ಗಾಗಿ ಬರುವುದಿಲ್ಲ. “ಮಾಷ್ಟ್ರೇ, ಇದರಲ್ಲಿ ಏನು ಬರೆದಿದೆ, ಒಂದಿಷ್ಟು ಓದಿ ಹೇಳಿ” ಎಂದು ಕಾಗದವನ್ನು ಮುಂದೆ ಹಿಡಿಯುತ್ತಾರೆ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಕೊಲ್ಲಿಯ ನಾಡುಗಳಿಗೋ ಕೆನಡಕ್ಕೋ ಹೋದ ನಮ್ಮ ಹುಡುಗನಿಗೆ ಆ ಆಸರೆಯೂ ಇಲ್ಲ.

ಇಂದಿನ ತೊಡಕುಗಳು ಹಡಗಿನ ಕಾಲದವುಗಳಂತೆ ಕಣ್ಣಿಗೆ ಕಾಣುವುದಿಲ್ಲ. ಅವು ಕಾಗದದಲ್ಲಿ ಅಡಗಿರುತ್ತವೆ. ಪರದೇಶಕ್ಕೆ ಕಳುಹಿಸುವ ಏಜೆಂಟರು ಭರ್ತಿಮಾಡಿದ ಅರ್ಜಿಗೆ ಹುಡುಗರು ಓದದೆ ಸಹಿ ಹಾಕುತ್ತಾರೆ. ಅದರಲ್ಲಿ ಸುಳ್ಳಿದ್ದರೆ ಕೆನಡದ ಕಾನೂನಿನಂತೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಬರೆದವನು ಏಜೆಂಟನೆಂಬ ಮಾತ್ರಕ್ಕೆ ಸಹಿ ಮಾಡಿದವನು ಪಾರಾಗುವುದಿಲ್ಲ. ಫೀಸು ಪಡೆದು ಸಲಹೆ ಕೊಡುವ ಅಧಿಕಾರ ವಕೀಲರಿಗೂ ಪರವಾನಗಿ ಪಡೆದ ಸಲಹೆಗಾರರಿಗೂ ಮಾತ್ರ ಇರುವುದೆಂಬುದು ಇಲ್ಲಿಂದ ಹೊರಡುವ ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯದೆಂದು ನಮ್ಮ ಅನುಭವ. ಗಡುವಿನ ಮಾತು ಇನ್ನೂ ಕಠಿನ. ಆ ದೇಶದೊಳಗೆ ಆದ ವಲಸೆಯ ತೀರ್ಮಾನವನ್ನು ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಸಾಮಾನ್ಯವಾಗಿ 15 ದಿನಗಳ ಅವಕಾಶ. ಅದೂ ಮೊದಲು ನ್ಯಾಯಾಲಯದ ಅನುಮತಿಯನ್ನು ಬೇಡಬೇಕು; ಅನುಮತಿ ನಿರಾಕರಿಸಿದರೆ ಅದರ ಮೇಲೆ ಅಪೀಲಿಲ್ಲ. ಆ 15 ದಿನಗಳಲ್ಲಿ ಹುಡುಗ ಊರಿಗೆ ಫೋನು ಮಾಡಲು ಸಂಕೋಚಪಟ್ಟು ಒಂದು ವಾರ ಕಳೆದಿರುತ್ತಾನೆ. ತಂದೆ ಸಾಲ ಹುಡುಕುವಷ್ಟರಲ್ಲಿ ಇನ್ನೊಂದು ವಾರ.

ಆದುದರಿಂದ ನಮ್ಮ ಸೂಚನೆಯ ವ್ಯಾಪ್ತಿ ಇಷ್ಟೇ. ಇಡೀ ಮೊಕದ್ದಮೆಯ ಖರ್ಚನ್ನು ಹೊರುವ ಶಕ್ತಿ ಈ ಸಂಘಕ್ಕಿಲ್ಲ, ಹೊರಲೂ ಬೇಡ. ನೋಟೀಸು ಬಂದ ಮೂರು ದಿನಗಳೊಳಗಾಗಿ, ಆ ದೇಶದ ಸಂಘಕ್ಕೆ ಸೇರಿದ ವಕೀಲರೊಬ್ಬರ ಮೊದಲನೆಯ ಭೇಟಿಯ ಫೀಸನ್ನು ಸಂಘ ಕೊಡಲಿ. ಕನ್ನಡದಲ್ಲಿಯೋ ಮಲೆಯಾಳದಲ್ಲಿಯೋ ಇರುವ ಜನನಪತ್ರ, ಜಮೀನಿನ ದಾಖಲೆ, ಪೊಲೀಸು ದೂರು ಇವುಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನು ನಮ್ಮ ಉಪಾಧ್ಯಾಯರು ಪ್ರತಿಫಲವಿಲ್ಲದೆ ಮಾಡಲು ಒಪ್ಪಿದ್ದಾರೆ. ಪ್ರಮಾಣೀಕರಿಸುವ ವೆಚ್ಚ ಮಾತ್ರ ಸಂಘದ್ದು. ಏಜೆಂಟರಿಗೆ ಒಂದು ಕಾಸನ್ನೂ ಕೊಡತಕ್ಕದ್ದಲ್ಲ. ಸಹಾಯ ಪಡೆದವನು ಮುಂದೆ ದುಡಿದು ಹಿಂತಿರುಗಿಸಿದರೆ ಸಂತೋಷ; ಹಿಂತಿರುಗಿಸದಿದ್ದರೆ ಅವನ ಹೆಸರನ್ನು ಯಾವ ಪಟ್ಟಿಯಲ್ಲಿಯೂ ಬರೆಯಬಾರದು. ಮಕ್ಕಳ ಪುಸ್ತಕದ ನಿಧಿಗೆ ಇದರಿಂದ ಕೊರತೆಯಾಗದಂತೆ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕೆಂದು ಖಜಾಂಚಿಗಳನ್ನು ಕೇಳಿಕೊಂಡಿದ್ದೇವೆ. ಅವರು ಅದಕ್ಕಾಗಿ ಹೊಸದೊಂದು ವಹಿಯನ್ನು ತರಿಸಿಟ್ಟಿದ್ದಾರೆ.

ಠರಾವು ಮುಂದಿನ ತಿಂಗಳ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ವಿರೋಧವಿರುವ ಹಿರಿಯರು ದಯಮಾಡಿ ಅಂದು ತಪ್ಪದೆ ಬರಬೇಕು. ಅವರ ಮಾತನ್ನು ಕೇಳಿದ ಮೇಲೆಯೇ ಮತ ತೆಗೆದುಕೊಳ್ಳಬೇಕೆಂದು ನಾವು ಅಧ್ಯಕ್ಷರನ್ನು ಪ್ರಾರ್ಥಿಸಿದ್ದೇವೆ.